ಕಾರ್ಬ್ಯುರೇಟರ್ ಬೈಕೋ, ಇಂಜೆಕ್ಷನ್ ಬೈಕೋ, ಬ್ಯಾಟರಿ ಸ್ಕೂಟರೋ?

ದಿನವೂ ಶಿರಸಿ ಪೇಟೆಯಲ್ಲಿ ಓಡಾಟ, ಆಗಾಗ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಪ್ರಯಾಣ. ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀರಿ.

ಕೈಯಿಂದ ಬಿಡುವ ಹಣವಷ್ಟೇ ಲೆಕ್ಕವಾದರೆ ಹಳೆಯ ಕಾರ್ಬ್ಯುರೇಟರ್ ಬೈಕೇ ಅಗ್ಗ. ಕಾರ್ಬ್ಯುರೇಟರ್ ಎಂದರೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಕೊಡುವ ಸರಳ ಸಾಧನ; ಇಂಜೆಕ್ಷನ್ನಿನಲ್ಲಿ ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳು ಬಹುತೇಕ ಇಂಜೆಕ್ಷನ್ನಿನವೇ.

ಪೆಟ್ರೋಲ್ ಮತ್ತು ಹೊಗೆಯ ವಿಷಯಕ್ಕೆ ಬಂದರೆ ಎಲೆಕ್ಟ್ರಾನಿಕ್ಸ್‌ನ ಕರಾಮತ್ತು ಕಾಣುತ್ತದೆ. ಇಂಜೆಕ್ಷನ್ ಬೈಕಿನ ಸೆನ್ಸರುಗಳು ಗಾಳಿ, ಶಾಖ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತವೆ. ಪುಟ್ಟ ಕಂಪ್ಯೂಟರ್ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಸೇರುವಂತೆ ನೋಡಿಕೊಳ್ಳುತ್ತದೆ. ಈ ಹದದಲ್ಲಿಯೇ ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ವಿಷಾನಿಲಗಳನ್ನು ಚೆನ್ನಾಗಿ ಕಳೆಯುತ್ತದೆ. ಘಟ್ಟ ಇಳಿಯುವಾಗ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಅನೇಕ ಇಂಜೆಕ್ಷನ್ ಬೈಕುಗಳು ಪೆಟ್ರೋಲನ್ನೇ ನಿಲ್ಲಿಸುತ್ತವೆ. ಕಾರ್ಬ್ಯುರೇಟರ್ ಆಗಲೂ ಒಂದಿಷ್ಟು ಕುಡಿಯುತ್ತಲೇ ಇರುತ್ತದೆ. ಅನೇಕ ಬ್ಯಾಟರಿ ಸ್ಕೂಟರುಗಳು ಇಳಿಜಾರಿನಲ್ಲಿ ತುಸು ಚಾರ್ಜ್ ಮರಳಿ ಪಡೆಯುತ್ತವೆ, ಹತ್ತುವಾಗ ಮಾತ್ರ ಬಾಯಾರಿಕೆ ಜಾಸ್ತಿ! ಅವಕ್ಕೆ ಹೊಗೆಯಿಲ್ಲ, ಆದರೆ ನಮ್ಮ ವಿದ್ಯುತ್ತು ಕಾಳಿ ನದಿಯ ನೀರು, ಕೈಗಾದ ಅಣುಶಕ್ತಿಯಿಂದಷ್ಟೇ ಅಲ್ಲ, ರಾಯಚೂರಿನ ಕಲ್ಲಿದ್ದಲಿನಿಂದಲೂ ಬರುತ್ತದೆ.

ರಿಪೇರಿಗೆ ಕಾರ್ಬ್ಯುರೇಟರ್ ಸಲೀಸು. ಹಳ್ಳಿಯ ಮೆಕ್ಯಾನಿಕ್ ಬಿಚ್ಚಿ ತೊಳೆದು ಕೊಡುತ್ತಾನೆ. ಇಂಜೆಕ್ಷನ್ನಿನ ದೋಷ ಹುಡುಕಲು ಸ್ಕ್ಯಾನರ್ ಬೇಕಾಗಬಹುದು, ಬ್ಯಾಟರಿ ಪೂರ್ತಿ ಸತ್ತರೆ ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಪಂಪೂ ಓಡದು. ಕಾರವಾರದಂಥ ಉಪ್ಪುಗಾಳಿಯಲ್ಲಿ ವೈರಿನ ಜೋಡಣೆಗಳಿಗೆ ತುಕ್ಕಿನ ಕಾಟ.

ಪೇಟೆಯೊಳಗಿನ ಓಡಾಟವೇ ಹೆಚ್ಚು, ಮನೆಯಲ್ಲಿ ಚಾರ್ಜಿಂಗ್‌ಗೆ ಜಾಗವಿದೆ ಎಂದಾದರೆ ಸ್ಕೂಟರ್. ಘಟ್ಟದ ಓಡಾಟ ಖಾಯಂ ಆದರೆ ಇಂಜೆಕ್ಷನ್. ತೋಟದ ದಾರಿಗೆ ವಾರಕ್ಕೊಮ್ಮೆ ಮಾತ್ರ ಬೇಕೆಂದರೆ, ಇದ್ದ ಹಳೆಯದನ್ನೇ ಟ್ಯೂನ್ ಮಾಡಿಸಿಕೊಳ್ಳಿ.