ಗೇ ರೊಮ್ಯಾನ್ಸ್ ಜೊತೆಗೆ ರಾಜಕೀಯ ಸಸ್ಪೆನ್ಸ್: ನಾನು ಓದಿದ ಮೂರರಲ್ಲಿ ಯಾವುದು ಮೇಲು?

ಒಂದೇ ಜಾತಿಯ ಮೂರು ಇಂಗ್ಲಿಷ್ ಕಾದಂಬರಿಗಳನ್ನು ಒಂದರ ಹಿಂದೆ ಒಂದು ಮುಗಿಸಿದ್ದೇನೆ. ಮೂರರಲ್ಲೂ ಇಬ್ಬರು ಗಂಡಸರ ಪ್ರೀತಿ, ಸುತ್ತ ಅಧಿಕಾರದಲ್ಲಿರುವವರು, ಹೊಂಚು ಹಾಕಿ ಕೂತ ಯಾರೋ ಒಬ್ಬ. ಒಂದು 1950ರ ದಶಕದ ವಾಷಿಂಗ್ಟನ್‌ನದು, ಇನ್ನೊಂದು 1960ರ ಆಸುಪಾಸಿನ ಲಂಡನ್‌ನದು, ಮೂರನೆಯದು ಇವತ್ತಿನ ಅಮೆರಿಕದ ಚುನಾವಣಾ ಪ್ರಚಾರದ್ದು. ಹೆಸರುಗಳನ್ನು ಬೇಕಂತಲೇ ಹೇಳುತ್ತಿಲ್ಲ. ಕೊನೆಗೆ ಏನಾಯಿತು ಅಂತ ಬಾಯಿ ಬಿಡದೆ ಹೋಲಿಸುವುದು ನನ್ನ ಕೈಲಿ ಆಗದ ಕೆಲಸ.

ಮೊದಲು ವಾಷಿಂಗ್ಟನ್. ವಿದೇಶಾಂಗ ಇಲಾಖೆಯ ಒಬ್ಬ ಗುಮಾಸ್ತ, ಒಬ್ಬ ಸೆನೆಟರ್‌ನ ಸಹಾಯಕ. ಇಲ್ಲಿ ಲೇಖಕ ವಿಲನ್ ಹುಡುಕಿಕೊಂಡು ಎಲ್ಲೂ ಹೋಗಬೇಕಿಲ್ಲ, ಸರ್ಕಾರವೇ ಕೊಟ್ಟಿದೆ. 1953ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ 10450ನೇ ಆದೇಶ 'ಲೈಂಗಿಕ ವಿಕೃತಿ'ಯನ್ನೂ ಸರ್ಕಾರಿ ನೌಕರಿಗೆ ಅಡ್ಡಿ ಅಂತ ಪಟ್ಟಿಗೆ ಸೇರಿಸಿತು. ಆಮೇಲೆ ಗುಮಾನಿ ಬಂದರೂ ಸಾಕಿತ್ತು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಇಂಥವರನ್ನು ಕಮ್ಯುನಿಸ್ಟರು ಬ್ಲ್ಯಾಕ್‌ಮೇಲ್ ಮಾಡಿಬಿಡುತ್ತಾರೆ ಅನ್ನುವುದು ಸರ್ಕಾರದ ವಾದ. ಕೆಲಸ ಹೋಗುತ್ತದೆ ಅನ್ನೋ ಹೆದರಿಕೆಯೇ ಇಲ್ಲದಿದ್ದರೆ ಬ್ಲ್ಯಾಕ್‌ಮೇಲ್ ಮಾಡೋಕೆ ಏನಿರುತ್ತಿತ್ತು, ಅಲ್ವಾ?

ಪುಸ್ತಕದಲ್ಲಿ ಒಂದು ತಿರುವಿದೆ. ಒಬ್ಬ ಸೆನೆಟರ್‌ನನ್ನು ಬಗ್ಗಿಸಲು ಅವನ ಮಗನ ಗುಟ್ಟನ್ನು ಹಿಡಿದು ಹೆದರಿಸುತ್ತಾರೆ. ಇದು ಯಾಕೋ ಜಾಸ್ತಿ ಆಯಿತು ಅಂದುಕೊಂಡೆ. ಆಮೇಲೆ ಲೆಸ್ಟರ್ ಹಂಟ್ ಬಗ್ಗೆ ಓದಿದೆ. ವಯೋಮಿಂಗ್ ರಾಜ್ಯದ ಸೆನೆಟರ್. ಮಗನ ಬಂಧನವನ್ನು ಹಿಡಿದುಕೊಂಡು, ಮರುಚುನಾವಣೆಗೆ ನಿಲ್ಲಬೇಡ ಅಂತ ಎದುರಾಳಿಗಳು ಒತ್ತಡ ಹಾಕಿದರು. 1954ರ ಜೂನ್‌ನಲ್ಲಿ ಸೆನೆಟ್‌ನ ತನ್ನ ಕಚೇರಿಯಲ್ಲೇ ಗುಂಡು ಹಾರಿಸಿಕೊಂಡು ಸತ್ತ. ಲೇಖಕ ಇದ್ದದ್ದನ್ನು ಸ್ವಲ್ಪ ತಗ್ಗಿಸಿಯೇ ಬರೆದಿದ್ದಾನೆ.

ಇದರಲ್ಲಿ ನನಗೆ ಅಂಟಿಕೊಂಡ ದೃಶ್ಯ ತೀರಾ ಸಣ್ಣದು. ತನಿಖೆಯವರು ಬಾಗಿಲು ತಟ್ಟುತ್ತಾರೆ. ಸಿಂಕಿನಲ್ಲಿ ಎರಡು ಕಾಫಿ ಕಪ್ಪುಗಳಿವೆ. ಗುಮಾಸ್ತ ಒಂದನ್ನು ತೊಳೆದು, ಒರೆಸಿ, ಕಪಾಟಿನಲ್ಲಿಟ್ಟು ಬಾಗಿಲು ತೆಗೆಯುತ್ತಾನೆ. ಅವರು ಒಳಗೆ ಬಂದು ಕೂತ ಮೇಲೆ ಹೊಳೆಯುತ್ತದೆ, ಒರೆಸಿದ ಬಟ್ಟೆ ಒದ್ದೆಯಾಗಿ ಅಲ್ಲೇ ಬಿದ್ದಿದೆ. ಬಂದೂಕಿಲ್ಲ, ಓಡಾಟವಿಲ್ಲ. ನಾನು ಮಾತ್ರ ಉಸಿರು ಬಿಗಿ ಹಿಡಿದು ಓದಿದೆ.

ಲಂಡನ್‌ನದು ಬೇಗ ಹೇಳಿ ಮುಗಿಸುತ್ತೇನೆ. ಸರಕು ಇದರಲ್ಲೂ ಭರ್ಜರಿ. ಇಂಗ್ಲೆಂಡ್‌ನಲ್ಲಿ 1967ರವರೆಗೂ ಗಂಡಸರಿಬ್ಬರ ನಡುವಿನ ಲೈಂಗಿಕ ಸಂಬಂಧ ಜೈಲಿಗೆ ಹಾಕುವ ಅಪರಾಧ. 1885ರ ಕಾಯ್ದೆಯನ್ನು ಜನ ಬ್ಲ್ಯಾಕ್‌ಮೇಲ್ ಮಾಡುವವರ ಸನ್ನದು ಅಂತಲೇ ಕರೆಯುತ್ತಿದ್ದರು. ಅಪರಾಧದ ಪಟ್ಟಿಯಿಂದ ತೆಗೆಯಿರಿ ಅಂತ ವುಲ್ಫೆಂಡನ್ ಸಮಿತಿ 1957ರಲ್ಲೇ ಹೇಳಿದರೂ ಸಂಸತ್ತು ಹತ್ತು ವರ್ಷ ಎಳೆಯಿತು. ಜೊತೆಗೆ 1962ರ ವಾಸಲ್ ಪ್ರಕರಣದ ನೆರಳೂ ಇದೆ. ನೌಕಾಪಡೆ ಇಲಾಖೆಯ ಆ ಗುಮಾಸ್ತನನ್ನು ಸೋವಿಯತ್ ಗೂಢಚಾರರು ಫೋಟೋ ತೋರಿಸಿ ಬಲೆಗೆ ಹಾಕಿಕೊಂಡಿದ್ದರು. ಇಷ್ಟೆಲ್ಲ ಇದ್ದೂ ಪುಸ್ತಕ ಸೊರಗಿದೆ. ಲೇಖಕನಿಗೆ ಪ್ರೀತಿ ಹುಟ್ಟಿರುವುದು ಸಂಸತ್ತಿನ ಕಲಾಪದ ಮೇಲೆ. ಪ್ರೇಮಿಗಳು ಮುನ್ನೂರು ಚಿಲ್ಲರೆ ಪುಟಗಳಲ್ಲಿ ಆರು ಸಲ ಸಿಗುತ್ತಾರೆ, ಅದರಲ್ಲಿ ಎರಡು ಸಲ ಮಸೂದೆಯ ವಿಚಾರ ಮಾತಾಡುತ್ತಾರೆ. ಇಂಥ ಪುಸ್ತಕಕ್ಕೆ ನನ್ನದೊಂದು ಪರೀಕ್ಷೆ ಇದೆ: ಪ್ರೇಮವನ್ನು ಕಿತ್ತು ಹಾಕಿದರೂ ಕತೆ ಆರಾಮಾಗಿ ನಡೆಯುತ್ತಾ? ಇದರಲ್ಲಿ ನಡೆಯುತ್ತದೆ.

ಮೂರನೆಯದನ್ನು ಆಡಿಯೋಬುಕ್‌ನಲ್ಲಿ ಕೇಳಿದೆ, ಅದು ನನ್ನ ತಪ್ಪು. ಇಬ್ಬರೂ ನಾಯಕರೇ ಆದಾಗ 'ಅವನು' ಅಂದರೆ ಯಾವ ಅವನು? ಕಾಗದದಲ್ಲಾದರೆ ಕಣ್ಣು ಎರಡು ಸಾಲು ಹಿಂದೆ ಹೋಗಿ ಬರುತ್ತದೆ. ಕಿವಿಗೆ ಆ ಸೌಲಭ್ಯ ಇಲ್ಲ. ಓದುವವರು ಇಬ್ಬರಿಗೂ ಒಂದೇ ದನಿ ಕೊಟ್ಟಿದ್ದರಿಂದ ಒಂದು ಜಗಳದಲ್ಲಿ ಯಾರು ಯಾರಿಗೆ ಕ್ಷಮೆ ಕೇಳಿದರು ಅನ್ನುವುದು ನನಗೆ ಇನ್ನೂ ಖಾತ್ರಿ ಇಲ್ಲ.

ಇವತ್ತಿನ ಕತೆಗೆ ಇನ್ನೊಂದು ಕಷ್ಟ ಇದೆ. ಟ್ಯಾಮಿ ಬಾಲ್ಡ್ವಿನ್ ತಾನು ಲೆಸ್ಬಿಯನ್ ಅಂತ ಮುಚ್ಚಿಡದೆ 2012ರಲ್ಲೇ ಸೆನೆಟ್‌ಗೆ ಗೆದ್ದರು. 2015ರಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ಮದುವೆಗೇ ಒಪ್ಪಿಗೆ ಕೊಟ್ಟಿತು. 2020ರಲ್ಲಿ ಪೀಟ್ ಬುಟಿಜೆಜ್ ಗಂಡನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಧ್ಯಕ್ಷ ಸ್ಥಾನದ ಉಮೇದುವಾರಿಕೆಗೆ ಓಡಾಡಿದರು. ಹಾಗಿದ್ದ ಮೇಲೆ ಇವರಿಬ್ಬರು ಯಾಕೆ ಕದ್ದುಮುಚ್ಚಿ ಸಿಗಬೇಕು? ಲೇಖಕಿ ಜಾಣೆ. ಇಬ್ಬರನ್ನೂ ಎದುರಾಳಿ ಪಾಳೆಯಗಳಲ್ಲಿ ಭಾಷಣ ಬರೆಯುವ ಕೆಲಸಕ್ಕೆ ಇಟ್ಟಿದ್ದಾಳೆ. ಒಂದು ರಾತ್ರಿ ಹಾಸಿಗೆಯಲ್ಲಿ ಒಬ್ಬ ಸುಮ್ನೆ ತಮಾಷೆಗೆ ಅಂದ ಮಾತು, ಮರುದಿನ ಟಿವಿಯಲ್ಲಿ ಎದುರಾಳಿಯ ಬಾಯಿಂದ ಅಕ್ಷರಕ್ಷರ ಬರುತ್ತದೆ. ಕೈಯಲ್ಲಿದ್ದ ಬರ್ಗರ್ ಹಾಗೇ ನಿಲ್ಲುತ್ತದೆ. ಎಂಥಾ ಜಾಗ! ಮೋಸ ಮಾಡಿದನಾ, ಇಲ್ಲವಾ?

ಮುಂದಿನ ಅಧ್ಯಾಯ ಮೋಸ ಮಾಡದವನ ಬಾಯಲ್ಲೇ ಶುರುವಾಗುತ್ತದೆ, 'ನಾನು ಹೇಳಿಲ್ಲ' ಅಂತ. ಗಾಳಿ ಹೋದ ಟೈರು. ಈಗಿನ ರೊಮ್ಯಾನ್ಸ್‌ಗಳಲ್ಲಿ ಇದೊಂದು ರೂಢಿಯಾಗಿದೆ, ಒಂದು ಅಧ್ಯಾಯ ಅವನ 'ನಾನು', ಇನ್ನೊಂದು ಇವನ 'ನಾನು'. ಪ್ರೀತಿಗೆ ಇದು ಒಳ್ಳೆಯದೇ, ಇಬ್ಬರ ಎದೆಬಡಿತವೂ ಕೇಳಿಸುತ್ತದೆ. ಆದರೆ ಇಬ್ಬರ ತಲೆಯೊಳಗೂ ನಾನೇ ಕೂತಿದ್ದರೆ ಅನುಮಾನ ಪಡೋದು ಯಾರನ್ನ? ಕೊನೆಗೆ ಇಬ್ಬರೂ ಒಂದಾಗಲೇಬೇಕು ಅನ್ನೋದು ಈ ಬಗೆಯ ಪುಸ್ತಕಗಳ ಕರಾರು ಬೇರೆ. ವಾಷಿಂಗ್ಟನ್‌ನ ಪುಸ್ತಕ ಮೊದಲಿಂದ ಕೊನೆವರೆಗೂ ಗುಮಾಸ್ತನ ತಲೆಯಿಂದ ಹೊರಗೆ ಬರುವುದೇ ಇಲ್ಲ. ಸಹಾಯಕ ಅವನ ಟೈ ಸರಿಮಾಡುವಾಗ ಆ ಕೈ ಪ್ರೀತಿಯದೋ, ನಾಳೆ ಪಟ್ಟಿಯಲ್ಲಿ ಹೆಸರು ಬರೆಯುವುದೋ ಅಂತ ನನಗೂ ಗೊತ್ತಿರಲಿಲ್ಲ.

ಹಾಗಾಗಿ ಯಾರಾದರೂ ಒಂದೇ ಒಂದು ಹೇಳಿ ಅಂದರೆ ನಾನು ವಾಷಿಂಗ್ಟನ್‌ನದನ್ನೇ ಕೊಡುತ್ತೇನೆ. ದಿನವಿಡೀ ದುಡಿದು ಬಂದು ಎರಡು ಗಂಟೆ ಹಾಯಾಗಿರಬೇಕು ಅಂದರೆ ಪ್ರಚಾರದ್ದು, ಆದರೆ ದಯವಿಟ್ಟು ಕಾಗದದಲ್ಲಿ ಓದಿ. ಲಂಡನ್‌ನದು ಮಸೂದೆ ಪ್ರಿಯರಿಗೆ.

ವಾಷಿಂಗ್ಟನ್‌ನದನ್ನು ಎರಡನೇ ಸಲವೂ ಓದಿದೆ. ಹೆಸರು ಕೊಟ್ಟಿದ್ದು ಆ ಸಹಾಯಕನೇ. ಮೊದಲ ಓದಿನಲ್ಲಿ ಹಾರಿಸಿಬಿಟ್ಟಿದ್ದ ಒಂದು ಸಾಲು ಈ ಸಲ ಕಣ್ಣಿಗೆ ಬಿತ್ತು: ಆ ಸಂಜೆ ಹೊರಡುವ ಮುಂಚೆ ತನ್ನ ಕಪ್ಪನ್ನು ಸಿಂಕಿನಲ್ಲಿ ಇಟ್ಟವನು ಅವನು. ಬೇರೆ ದಿನಗಳಲ್ಲಿ ತಾನೇ ತೊಳೆದು ಹೋಗುತ್ತಿದ್ದ.