ಕಟ್ಟು ಚೆನ್ನಾಗಿದೆ, ಚಿತ್ರದ ತಲೆ ಹಾರಿಸಿದ್ದಾರೆ

ತುಮಕೂರಿನಲ್ಲಿ ಫೋಟೊ ಪ್ರಿಂಟ್ ತೆಗೆದು ಕಟ್ಟು ಹಾಕಿಕೊಡುವ ಒಂದು ಅಂಗಡಿಯ ಕೆಲಸದ ಬಗ್ಗೆ ಇದು. ಹೆಸರು ಹಾಕುವುದಿಲ್ಲ. ಹುಡುಗರು ಒಳ್ಳೆಯವರು, ಕೆಲಸ ಮಾತ್ರ ಅರ್ಧಂಬರ್ಧ.

ನಮ್ಮದು ಪೌರಾಣಿಕ ನಾಟಕಗಳಿಗೆ ಸೀನರಿ ಬಾಡಿಗೆಗೆ ಕೊಡುವ ವ್ಯವಹಾರ. ಸ್ಟೇಜಿನ ಮೇಲೆ ಯಾವ ಸಾಮಾನು ಎಲ್ಲಿರಬೇಕು ಅನ್ನುವುದೇ ನಮ್ಮ ಅನ್ನ. ಅದಕ್ಕೇ ಗೋಡೆಗೆ ಇಂಗ್ಲೆಂಡಿನ ಆಗಸ್ಟಸ್ ಎಗ್ ಬರೆದ ಮೂರು ಚಿತ್ರ ಬೇಕೆನಿಸಿತು. 'ಪಾಸ್ಟ್ ಅಂಡ್ ಪ್ರೆಸೆಂಟ್' ಅಂತ ಅವುಗಳ ಹೆಸರು. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ 1858ರಲ್ಲಿ ಪ್ರದರ್ಶನಕ್ಕಿದ್ದವು. ನಮ್ಮ ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ, ಅದಕ್ಕೂ ಹಿಂದಿನ ಮಾತು. ಈ ಎಗ್ ಕಾದಂಬರಿಕಾರ ಡಿಕನ್ಸ್ ಜೊತೆ ಹವ್ಯಾಸಿ ನಾಟಕಗಳಲ್ಲಿ ಪಾರ್ಟು ಮಾಡಿದ ಆಸಾಮಿ. ಚಿತ್ರ ನೋಡಿದರೆ ಅದು ಗೊತ್ತಾಗುತ್ತದೆ.

ಮೊದಲನೆಯದರಲ್ಲಿ ಹೆಂಡತಿಗೆ ಬೇರೆ ಸಂಬಂಧವಿದೆ ಅಂತ ಗಂಡನಿಗೆ ಈಗ ತಾನೇ ತಿಳಿದಿದೆ. ಕೈಯಲ್ಲಿ ಕಾಗದ, ಕಾಲ ಕೆಳಗೆ ಆ ಇನ್ನೊಬ್ಬನ ಪುಟ್ಟ ಚಿತ್ರ. ಹೆಂಡತಿ ನೆಲದ ಮೇಲೆ ಬಿದ್ದಿದ್ದಾಳೆ, ಕೈಯ ಬಳೆಗಳು ಬೇಡಿ ಹಾಕಿದಂತೆ ಕಾಣುತ್ತವೆ. ಸೇಬಿನ ಅರ್ಧ ನೆಲದಲ್ಲಿ, ಇನ್ನರ್ಧಕ್ಕೆ ಚಾಕು. ಮಕ್ಕಳು ಕಟ್ಟಿದ ಇಸ್ಪೀಟೆಲೆ ಮನೆ ಕುಸಿಯುತ್ತಿದೆ. ಕನ್ನಡಿಯಲ್ಲಿ ತೆರೆದ ಬಾಗಿಲು. ಇನ್ನು ಅವಳು ಎಲ್ಲಿಗೆ ಹೋಗಬೇಕು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಗೋಡೆ ಮೇಲೆ ಎಡಕ್ಕೆ ಆಡಮ್ ಮತ್ತು ಈವ್ ತೋಟದಿಂದ ಹೊರಬೀಳುವ ಚಿತ್ರ, ಅದರ ಕೆಳಗೆ ಹೆಂಡತಿಯ ಭಾವಚಿತ್ರ. ಬಲಕ್ಕೆ ಒಡೆದ ಹಡಗು, ಅದರ ಕೆಳಗೆ ಗಂಡ. ಒಂದು ಡೈಲಾಗ್ ಇಲ್ಲದೆ ಪೂರ್ತಿ ಅಂಕ ಮುಗಿಸಿದ್ದಾನೆ!

ಅಂಗಡಿಯವರು ಹಾರಿಸಿದ್ದು ಆ ಗೋಡೆಯನ್ನೇ. ಮೂಲ ಚಿತ್ರ 63.5 ಸೆಂ.ಮೀ. ಎತ್ತರ, 76.2 ಅಗಲ. ಇವರು ರೆಡಿ ಇದ್ದ 12×18 ಇಂಚಿನ ಫ್ರೇಮಿಗೆ ಕೂರಿಸಿದರು. ಎತ್ತರದಲ್ಲಿ ಐದನೇ ಒಂದು ಭಾಗ ಮಾಯ. ಕೇಳಿದರೆ, "ಮೇಲೆ ಸುಮ್ನೆ ಗೋಡೆ ತಾನೇ ಇತ್ತು ಸಾರ್?" ಅನ್ನುತ್ತಾನೆ ಹುಡುಗ. ಹಡಗು ತೋರಿಸಿ ಕಥೆ ಹೇಳಿದೆ. ಪಾಪ, ಕೇಳಿಸಿಕೊಂಡು ಇನ್ನೊಮ್ಮೆ ಪ್ರಿಂಟ್ ತೆಗೆದುಕೊಟ್ಟ, ದುಡ್ಡು ತಗೊಳ್ಳಲಿಲ್ಲ. ನೀವು ಹಾಕಿಸುವುದಾದರೆ 10×12 ಕೇಳಿ, ದೊಡ್ಡದು ಬೇಕಾದರೆ 20×24. ಎರಡರಲ್ಲೂ ಚಿತ್ರ ಪೂರ್ತಿ ಕೂರುತ್ತದೆ, ಕತ್ತರಿ ಬೇಡ.

ಉಳಿದ ಎರಡರಲ್ಲಿ ತೊಂದರೆ ಬಣ್ಣದ್ದು. ಕಥೆ ಐದು ವರ್ಷ ಮುಂದಕ್ಕೆ ಹೋಗಿದೆ, ಅಪ್ಪ ತೀರಿಕೊಂಡಿದ್ದಾನೆ. ಒಂದರಲ್ಲಿ ಹೆಣ್ಣುಮಕ್ಕಳಿಬ್ಬರು ಕಿಟಕಿಯ ಬಳಿ. ಇನ್ನೊಂದರಲ್ಲಿ ತಾಯಿ ಥೇಮ್ಸ್ ದಡದ ಕಮಾನಿನ ಕೆಳಗೆ, ಮಡಿಲಲ್ಲಿ ಕೂಸು. ಎರಡರಲ್ಲೂ ಅದೇ ಚಂದ್ರ, ಅದೇ ಮೋಡ. ಒಂದೇ ರಾತ್ರಿ, ಒಂದೇ ಹೊತ್ತು ಅಂತ ನೋಡುವವರಿಗೆ ಹೊಳೆಯಬೇಕು. ಇವರ ಮೆಷಿನ್ ಒಂದು ಚಂದ್ರನನ್ನು ನೀಲಿ ಮಾಡಿತು, ಇನ್ನೊಂದನ್ನು ಬಿಳಿ. ಸಾಲದ್ದಕ್ಕೆ ಕಮಾನಿನ ಗೋಡೆಯಲ್ಲಿ ಅಂಟಿಸಿದ ನಾಟಕದ ಪೋಸ್ಟರುಗಳು ಕಪ್ಪಲ್ಲಿ ಮುಳುಗಿ ಹೋದವು. 'ವಿಕ್ಟಿಮ್ಸ್', 'ದ ಕ್ಯೂರ್ ಫಾರ್ ಲವ್' ಅಂತ ಅಲ್ಲಿರಬೇಕಿತ್ತು. ಮತ್ತೆ ಮಾಡಿಸಿದ್ದಕ್ಕೆ ಅರ್ಧ ದುಡ್ಡು ತೆಗೆದುಕೊಂಡರು. ಅದು ನನಗೆ ಸರಿ ಕಾಣಲಿಲ್ಲ.

ಕಟ್ಟಿನ ಕೆಲಸಕ್ಕೆ ಮಾತ್ರ ಎರಡು ಮಾತಿಲ್ಲ. ಮೂಲೆಗಳಲ್ಲಿ ಸಂದು ಕಾಣುವುದಿಲ್ಲ, ಹಿಂದೆ ಧೂಳು ಹೋಗದಂತೆ ಟೇಪ್ ಹಾಕಿದ್ದಾರೆ. ಕಟ್ಟು ಸೇರಿ ಒಂದಕ್ಕೆ ₹650, ಜಾಸ್ತಿ ಏನಲ್ಲ. ಮಿರುಗುವ ಕಾಗದ ಬೇಡ, ಮ್ಯಾಟ್ ಕೇಳಿ. ಇಲ್ಲದಿದ್ದರೆ ಚಂದ್ರನ ಪಕ್ಕದಲ್ಲೇ ನಿಮ್ಮ ಟ್ಯೂಬ್‌ಲೈಟ್ ಹೊಳೆಯುತ್ತದೆ. ತಗುಲಿಹಾಕುವಾಗ ಗಂಡನಿರುವ ಚಿತ್ರ ಮಧ್ಯಕ್ಕೆ ಬರಲಿ. ಎಗ್ ಕೂಡ ಹಾಗೇ ಇಟ್ಟಿದ್ದ. ಅಂಗಡಿಯವರು ಬರೆದುಕೊಡುವ ಒಂದು, ಎರಡು, ಮೂರು ನಂಬರ್ ನೋಡಿ ಮೊಳೆ ಹೊಡೆಯಬೇಡಿ.