ಐರ್ಲೆಂಡಿನ ಹಳ್ಳಿಯ ಮುತ್ತಜ್ಜನನ್ನು ಕಾಣಿಸಿದ ಜನಗಣತಿ ಸೇವೆ

ಐರ್ಲೆಂಡಿನ ಹಳ್ಳಿಗಾಡಿನ ಪೂರ್ವಿಕರ ಬದುಕನ್ನು ಅರಿಯಬಯಸುವವರು ಹಣ ತೆತ್ತು ಸದಸ್ಯರಾಗುವ ಜಾಲತಾಣಗಳಿಗೆ ಹೋಗುವ ಮೊದಲು, ಅಲ್ಲಿನ ರಾಷ್ಟ್ರೀಯ ಪತ್ರಾಗಾರವು ಉಚಿತವಾಗಿ ತೆರೆದಿಟ್ಟಿರುವ 1901 ಮತ್ತು 1911ರ ಜನಗಣತಿಯನ್ನು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನನ್ನ ತಂಗಿಯ ಅಳಿಯ ಮೇಯೋ ಕೌಂಟಿಯ ಒಕ್ಕಲು ಮನೆತನದವರು. ಅವರ ಮುತ್ತಜ್ಜನ ಜಾಡನ್ನು ನಾನು ದಾವಣಗೆರೆಯಲ್ಲಿ ಕುಳಿತೇ ಹಿಡಿದದ್ದು ಈ ಸೇವೆಯಿಂದ.

ಇದರ ದೊಡ್ಡ ಗುಣವೆಂದರೆ ಹೆಸರುಗಳ ಪಟ್ಟಿಯಷ್ಟೇ ಅಲ್ಲದೆ ಅಂದಿನ ಮೂಲ ನಮೂನೆಗಳ ಚಿತ್ರವೂ ಸಿಗುವುದು. ಮನೆಯವರ ವಯಸ್ಸು, ಧರ್ಮ, ಕಸುಬು, ಓದುಬರಹ ಬಲ್ಲರೇ, ಐರಿಷ್ ಭಾಷೆ ಆಡುವರೇ ಎಂಬುದು ಒಂದು ಹಾಳೆಯಲ್ಲಿದ್ದರೆ, ಪೊಲೀಸ್ ಕಾನ್‌ಸ್ಟೇಬಲ್ ತುಂಬಿದ ಮತ್ತೊಂದರಲ್ಲಿ ಗೋಡೆ ಕಲ್ಲಿನದೋ ಮಣ್ಣಿನದೋ, ಮಾಡು ಹುಲ್ಲಿನದೋ ಹಂಚಿನದೋ, ಕೋಣೆಗಳೆಷ್ಟು, ಮುಂಭಾಗದ ಕಿಟಕಿಗಳೆಷ್ಟು ಎಂಬ ವಿವರವಿರುತ್ತದೆ. ದನದ ಕೊಟ್ಟಿಗೆ, ಹಂದಿಗೂಡುಗಳಿಗೂ ಬೇರೆಯೇ ನಮೂನೆಯಿದೆ. ನಮ್ಮ ಅಳಿಯಂದಿರ ಮುತ್ತಜ್ಜ ಸಹಿ ಮಾಡಲು ಬಾರದೆ ಗುರುತು ಹಾಕಿದ್ದರು. ಕಲ್ಲಿನ ಗೋಡೆ, ಹುಲ್ಲಿನ ಮಾಡು, ಒಂದು ಕೊಟ್ಟಿಗೆ ಅವರ ಆಸ್ತಿ. 1911ರಲ್ಲಿ ವಿವಾಹಿತ ಸ್ತ್ರೀಯರಿಗೆ ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂದು ಕೇಳಲಾಗಿತ್ತು. ಮುತ್ತಜ್ಜಿಯ ಸಾಲಿನಲ್ಲಿ ಒಂಬತ್ತು ಮತ್ತು ಏಳು ಎಂಬ ಅಂಕಿಗಳಿದ್ದವು. ಮನೆತನದಲ್ಲಿ ಯಾರೂ ನೆನೆಯದಿದ್ದ ಎರಡು ಮಕ್ಕಳ ಸುಳಿವು ಸಿಕ್ಕಿದ್ದು ಅಲ್ಲಿಯೇ, ಮತ್ತು ಇಂಥದೊಂದು ಸಾಲಿಗಾಗಿಯೇ ಈ ಸೇವೆ ಬೆಲೆಯುಳ್ಳದ್ದೆಂದು ನಾನು ಭಾವಿಸುತ್ತೇನೆ.

ಆದರೆ ವಯಸ್ಸಿನ ಅಂಕಿಗಳನ್ನು ಹಾಗೆಯೇ ನಂಬಬಾರದು. 1909ರ ಜನವರಿಯಿಂದ ಎಪ್ಪತ್ತು ತುಂಬಿದವರಿಗೆ ವೃದ್ಧಾಪ್ಯ ವೇತನ ಬರತೊಡಗಿತು. ಎಲ್ಲರ ಜನನ ನೋಂದಣಿ ಆರಂಭವಾದದ್ದು 1864ರಲ್ಲಿ. ಹೀಗಾಗಿ ಜನನದ ನೋಂದಣಿಯಿಲ್ಲದ ಹಿರಿಯರು ಅನೇಕರು ಎರಡು ಗಣತಿಗಳ ನಡುವಿನ ಹತ್ತು ವರ್ಷಗಳ ಅಂತರದಲ್ಲಿ ಹತ್ತಕ್ಕಿಂತ ಹೆಚ್ಚು ವರ್ಷ ದೊಡ್ಡವರಾಗಿರುವುದನ್ನು ಕಾಣುತ್ತೇವೆ.

ಹುಡುಕುವಾಗ ಹೆಸರಿಗಿಂತ ಊರನ್ನು ಹಿಡಿದು ಹೋಗುವುದು ಲೇಸು, ಏಕೆಂದರೆ ಒಂದೇ ಮನೆತನದ ಹೆಸರು ಒಮ್ಮೆ 'ಓ' ಎಂಬ ಪೂರ್ವಾಕ್ಷರದೊಡನೆ, ಒಮ್ಮೆ ಅದಿಲ್ಲದೆ ಬರೆಯಲ್ಪಟ್ಟಿರುತ್ತದೆ. ನಮ್ಮ ಚಿತ್ರದುರ್ಗ, ದಾವಣಗೆರೆ ಸೀಮೆಯ ಮನೆಗಳಿಗೆ ಬರುವ ಹೆಳವರು ಮೂಲ ಊರನ್ನು ಹೇಳಿ ವಂಶಾವಳಿ ಬಿಡಿಸುವಂತೆ, ಇಲ್ಲಿಯೂ ಕೌಂಟಿಯಿಂದ ಟೌನ್‌ಲ್ಯಾಂಡ್ ಎಂಬ ಅತಿ ಸಣ್ಣ ಭೂವಿಭಾಗಕ್ಕೆ ಇಳಿದು, ಅಲ್ಲಿನ ಪ್ರತಿ ಮನೆಯನ್ನೂ ನೋಡಬಹುದು. ಅಕ್ಕಪಕ್ಕದ ಮನೆಗಳಲ್ಲಿ ಬೀಗರೂ ದಾಯಾದಿಗಳೂ ಸಿಗುವುದುಂಟು.

1901ಕ್ಕಿಂತ ಹಿಂದೆ ಹೋಗಲು ಈ ಸೇವೆಯೊಂದೇ ಸಾಲದು. 1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ದಾಖಲೆ ಕಚೇರಿ ನಾಶವಾದಾಗ 1821ರಿಂದ 1851ರವರೆಗಿನ ಗಣತಿಗಳ ಬಹುಭಾಗ ಹೋಯಿತು. 1861ರಿಂದ 1891ರವರೆಗಿನವನ್ನು ಸರ್ಕಾರವೇ ಅದಕ್ಕೂ ಮೊದಲು ನಾಶಪಡಿಸಿತ್ತು. ಆ ತೆರವಿನಲ್ಲಿ 1847ರಿಂದ 1864ರ ನಡುವೆ ಪ್ರಕಟವಾದ ಗ್ರಿಫಿತ್ ಮೌಲ್ಯಮಾಪನವೆಂಬ ಜಮೀನು-ಮನೆಗಳ ಮೌಲ್ಯದ ಪಟ್ಟಿಯು ಗೇಣಿದಾರ, ಜಮೀನ್ದಾರ, ಹಿಡುವಳಿಯ ವಿಸ್ತೀರ್ಣಗಳನ್ನು ತಿಳಿಸುತ್ತದೆ. ರಾಷ್ಟ್ರೀಯ ಗ್ರಂಥಾಲಯವು 2015ರಿಂದ ಉಚಿತವಾಗಿ ನೀಡುತ್ತಿರುವ ಕ್ಯಾಥೊಲಿಕ್ ಚರ್ಚುಗಳ ದೀಕ್ಷಾಸ್ನಾನ, ಮದುವೆಗಳ ಪುಸ್ತಕಗಳನ್ನು ಅದರ ಜೊತೆಗಿಟ್ಟು ಓದಬೇಕು. ಮೊದಲು ಗಣತಿಯಲ್ಲಿ ಟೌನ್‌ಲ್ಯಾಂಡನ್ನು ಖಚಿತಪಡಿಸಿಕೊಂಡರೆ ಇವೆರಡರಲ್ಲಿಯೂ ಎಲ್ಲಿ ಹುಡುಕಬೇಕೆಂಬುದು ತಿಳಿಯುತ್ತದೆ.